ಕಲಮುಂಡಾದಿಂದ ಡ್ಯಾಮಿನವರೆಗೆ

ಪರ್ತ್‌ನಲ್ಲಿರುವ ನಮಗೆ ಬಿಬ್ಬಲ್‌ಮನ್ ಟ್ರ್ಯಾಕ್ ಬಸ್ಸಲ್ಲಿ ಹೋಗಿ ಇಳಿಯುವಷ್ಟು ಹತ್ತಿರ. ಕಲಮುಂಡಾದಲ್ಲಿ ಶುರುವಾಗಿ ದಕ್ಷಿಣದ ಆಲ್ಬನಿ ತನಕ ಸುಮಾರು 1000 ಕಿ.ಮೀ. ಕಾಲುದಾರಿ. ಪೂರ್ತಿ ನಡೆಯುವವರು ಆರರಿಂದ ಎಂಟು ವಾರ ತೆಗೆದುಕೊಳ್ಳುತ್ತಾರೆ. ನಮ್ಮ ಹತ್ತಿರ ಇದ್ದದ್ದು ಜುಲೈ ರಜೆಯ ಒಂದೇ ಶನಿವಾರ. ಹಾಗಾಗಿ ಕಲಮುಂಡಾದಿಂದ ಮಂಡಾರಿಂಗ್ ವೇರ್ ಅಣೆಕಟ್ಟಿನವರೆಗೆ ಮಾತ್ರ ಎಂದು ತೀರ್ಮಾನವಾಯಿತು. ಸಂಜೆ ನಾಲ್ಕಕ್ಕೆ ಕಾರಿರುವ ಗೆಳೆಯ ಅಲ್ಲಿಗೆ ಬರುವುದು.

ಒಂದೇ ಮನೆಯ ನಾವು ಮೂವರು, ರಜೆಗೆ ಬಂದ ಇಬ್ಬರು. ಅಡಿಲೇಡ್ ಗೆಳತಿ ದಾರಿಯುದ್ದಕ್ಕೂ ತಮ್ಮ ಹೈಸನ್ ಟ್ರೇಲ್ 1200 ಕಿ.ಮೀ. ಎಂದು ನೆನಪಿಸುತ್ತಿದ್ದಳು. ಬ್ರಿಸ್ಬೇನಿನವನು ಮೌಂಟ್ ಕೂಟ್‌-ಥಾ ಹತ್ತಿದ್ದನ್ನೇ ಎರಡು ಸಲ ಹೇಳಿದ. ಬ್ಯಾಗಿನಲ್ಲಿ ಚಿತ್ರಾನ್ನ, ಚಕ್ಕುಲಿ, ಊರಿಂದ ಬಂದ ಅಮೃತಾಂಜನ.

ಅಮೃತಾಂಜನ ನಮ್ಮ ಹಾವೇರಿ ಹುಡುಗನದು. ಮೂರು ತಿಂಗಳಿಂದ ಅವನ ಬಲ ಮಂಡಿ ನೋಯುತ್ತಿತ್ತು. ಗೋದಾಮಿನಲ್ಲಿ ನಿಂತೇ ಕೆಲಸ, ಪೆಟ್ಟಿಗೆ ಎತ್ತುವುದು. ಕೇಳಿದರೆ "ಏನಿಲ್ಲಪಾ" ಅನ್ನುತ್ತಿದ್ದ. ನಾವೂ ಅಷ್ಟಕ್ಕೇ ಬಿಟ್ಟೆವು. ನಿಜ ಹೇಳಬೇಕೆಂದರೆ, ಮತ್ತೆ ಕೇಳಿದ್ದರೆ ನಾವೂ ಏನಾದರೂ ಮಾಡಬೇಕಾಗುತ್ತಿತ್ತು.

ಶುರುವಿನಲ್ಲೇ ದಾರಿ ಪೀಸ್ ಬ್ರೂಕ್ ತೊರೆಗೆ ಇಳಿಯುತ್ತದೆ. ಹತ್ತುವಾಗ ಏದುಸಿರು ಬರುತ್ತದೆ, ಅಷ್ಟೇ. ಮಂಡಿಯ ಬಣ್ಣ ಬಯಲಾಗುವುದು ಇಳಿಜಾರಿನಲ್ಲಿ. ಅದರ ಮೇಲೆ ಪರ್ತ್ ಗುಡ್ಡಗಳ ಜಲ್ಲಿ ಬೇರೆ. ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯದೇ, ಆದರೆ ಗೋಲಿಯಂತೆ ದುಂಡಗೆ, ಕಾಲಿಟ್ಟರೆ ಉರುಳುತ್ತದೆ. ಅವನು ಅಡ್ಡಡ್ಡ ಹೆಜ್ಜೆ ಇಟ್ಟು ಇಳಿಯುತ್ತಿದ್ದ. ಒಣಗಿದ ಜಾರಾ ಕೊಂಬೆಯೊಂದು ಅವನ ಕೈಗೆ ಬಂದಿತ್ತು. ಮರಗಳ ಮೇಲೆ ಹಳದಿ ತ್ರಿಕೋನದಲ್ಲಿ ಕಪ್ಪು ಹಾವಿನ ಗುರುತು. ಅದು ವಾಗಲ್, ಇಲ್ಲಿನ ನೂಂಗಾರ್ ಜನರ ಕಥೆಯಲ್ಲಿ ನದಿಗಳನ್ನು ಮಾಡಿದ ಸರ್ಪ. "ನಾಗಪ್ಪ ಕಂಡ್ರ ಹೇಳ್ರಿ, ಅಲ್ಲೀತನಕ ಬರ್ತೀನಿ" ಎಂದು ಒಂದೊಂದೇ ಗುರುತು ಎಣಿಸುತ್ತ ಬಂದ.

ಸುಮಾರು 10 ಕಿ.ಮೀ. ಆದ ಮೇಲೆ ಹ್ಯೂಯೆಟ್ಸ್ ಹಿಲ್ ತಂಗುದಾಣ. ಮೂರು ಕಡೆ ಗೋಡೆ, ಮಳೆನೀರಿನ ಟ್ಯಾಂಕ್, ನಡೆದವರು ಹೆಸರು ಬರೆಯುವ ಪುಸ್ತಕ. ಚಿತ್ರಾನ್ನ ತಿಂದು ಎದ್ದಾಗ ಅವನಿಗೆ ಏಳಲಾಗಲಿಲ್ಲ. ಮಂಡಿ ಊದಿತ್ತು.

"ನೀವು ನಡೀರಿ, ನಾ ಹಿಂದ ಬರ್ತೀನಿ."

"ಸುಮ್ನಿರೋ ಮಾರಾಯ, ಡಾಕ್ಟರ್ ಹತ್ರ ಯಾಕೆ ಹೋಗಿಲ್ಲ ಹೇಳು," ಎಂದಳು ಅಡಿಲೇಡಿನವಳು. ಒಂದೇ ಮನೆಯ ನಾವು ಕೇಳಬೇಕಾದ ಪ್ರಶ್ನೆಯನ್ನು ಎರಡು ದಿನದ ಅತಿಥಿ ಕೇಳಿದಳು.

ಹೋದರೆ ಕೆಲಸ ನಿಲ್ಲಿಸು ಅನ್ನುತ್ತಾರೆ, ಕೆಲಸ ನಿಂತರೆ ಬಾಡಿಗೆ ಎಲ್ಲಿಂದ, ಎಂದ. ತರಗತಿ ಇರುವಾಗ ನಮ್ಮ ವೀಸಾದಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ. ವಿಮೆಯಲ್ಲಿ ಡಾಕ್ಟರ್ ಭೇಟಿಗೆ ದುಡ್ಡು ಬರುತ್ತದೆ, ಫಿಸಿಯೋಗೆ ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದ. ಅವನ ಅಪ್ಪ ಪ್ರತಿ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ, ಅವರಿಗೂ ಮೊಣಕಾಲು ನೋವು. "ಈ ವರ್ಷ ಫೋನ್‌ನ್ಯಾಗ ಜಗಳಾಡಿ ನಿಲ್ಲಿಸೀನಿ. ಈಗ ನಂಗ ಆಗೇತಿ ಅಂತ ಹೆಂಗ ಹೇಳ್ಲಿ?"

ಯಾರಿಗೂ ತಕ್ಷಣ ಮಾತು ಬರಲಿಲ್ಲ. ಅವನ ಬ್ಯಾಗು ಹಂಚಿಕೊಂಡೆವು. ಹತ್ತು ನಿಮಿಷ ನಡೆ, ಐದು ನಿಮಿಷ ಕೂರು. ನಿಧಾನ ನಡೆದಿದ್ದಕ್ಕೆ ಕಪ್ಪು ಕಾಕಟೂಗಳ ಗುಂಪೊಂದು ಕಾಣಿಸಿತು, ಅದೊಂದು ಲಾಭ. ಚಳಿಗಾಲದ ಹೊತ್ತು, ಐದೂವರೆಗೇ ಕತ್ತಲು. ಕೊನೆಯ ಇಳಿಜಾರನ್ನು ಮೊಬೈಲ್ ಟಾರ್ಚಿನಲ್ಲಿ ಇಳಿದೆವು, ಇಬ್ಬರ ಹೆಗಲ ಮೇಲೆ ಅವನ ಕೈ. 1903ರಿಂದ 500ಕ್ಕೂ ಹೆಚ್ಚು ಕಿ.ಮೀ. ದೂರದ ಕಾಲ್ಗೂರ್ಲಿಗೆ ನೀರು ಕಳಿಸುತ್ತಿರುವ ಡ್ಯಾಮನ್ನು ನೋಡಬೇಕೆಂದು ಬಂದಿದ್ದೆವು. ಕತ್ತಲಲ್ಲಿ ಏನೂ ಕಾಣಲಿಲ್ಲ. ಎರಡು ಗಂಟೆ ಕಾದ ಗೆಳೆಯ ಬೈದು, ಫ್ಲಾಸ್ಕಿನ ಚಹಾ ಕೊಟ್ಟ.

ಸೋಮವಾರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಮೂರು ವಾರ ಭಾರ ಎತ್ತುವಂತಿಲ್ಲ, ತೊಡೆಗೆ ವ್ಯಾಯಾಮ. ಬಾಡಿಗೆಯ ಅವನ ಪಾಲನ್ನು ನಾವಿಬ್ಬರು ಹಾಕಿದೆವು. ಅವನು ಫ್ರಿಜ್ ಮೇಲೆ ಲೆಕ್ಕದ ಚೀಟಿ ಅಂಟಿಸಿದ. ನಾವು ತೆಗೆದೆವು, ಮತ್ತೆ ಅಂಟಿಸಿದ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಸ್ಪೀಕರಿನಲ್ಲಿ ನಮಗೂ ಕೇಳುತ್ತಿತ್ತು.

"ಎಷ್ಟ್ ನಡದಿ?"

"ಒಂದ್ ಹದಿನಾರು ಕಿಲೋಮೀಟರ್, ಅಪ್ಪ."

"ಅಷ್ಟಕ್ಕ ಕುಂತಿ?" ಎಂದರು. ಸ್ವಲ್ಪ ಬಿಟ್ಟು, "ಡಾಕ್ಟರ್ ಏನ್ ವ್ಯಾಯಾಮ ಹೇಳ್ಯಾರ, ನನಗೂ ಹೇಳು."