ಸಲೀಸಿಗೊಂದು ನಿಷೇಧ

ಕಥೆ ಬರೆಯಲು ಕಲಿಯುವವರು ತಮಗೆ ತಾವೇ ಸವಾಲು ಹಾಕಿಕೊಳ್ಳಬೇಕೆಂದು ಹೇಳಿದರೆ ಬಹಳ ಮಂದಿ ದೊಡ್ಡ ವಸ್ತುವನ್ನು ಹುಡುಕಿಕೊಂಡು ಹೊರಡುತ್ತಾರೆ: ಯುದ್ಧ, ವಲಸೆ, ಮೂರು ತಲೆಮಾರಿನ ಮನೆತನ. ವಸ್ತು ಬದಲಾದರೂ ಬರೆಯುವ ಕೈ ಹಳೆಯದೇ. ಪಾತ್ರವೊಂದು ಬಸ್ಸಿನ ಕಿಟಕಿಗೆ ಒರಗಿದರೆ ಸಾಕು, ಮುಂದಿನ ಸಾಲಿನಲ್ಲಿ ಅದಕ್ಕೆ ಏನೋ ನೆನಪಾಗುತ್ತದೆ. ಬಾಲ್ಯವೆಲ್ಲ ಬಿಚ್ಚಿಕೊಂಡು, ನಡೆಯಬೇಕಾಗಿದ್ದ ಕಥೆ ಅಲ್ಲೇ ನಿಂತುಬಿಡುತ್ತದೆ. ಇಂಥವರು ಹಾಕಿಕೊಳ್ಳಬೇಕಾದದ್ದು ನಿಷೇಧ. ಒಂದು ಕಥೆಯ ಮಟ್ಟಿಗೆ ಯಾರಿಗೂ ಏನೂ ನೆನಪಾಗಕೂಡದು. ಆಗ ಹಿಂದಿನದೆಲ್ಲ ಈಗಿನ ಮಾತಿನಲ್ಲಿ, ಜಗಳದಲ್ಲಿ, ಅಡವಿಟ್ಟ ಬಳೆಯಲ್ಲಿ ಹೊರಬೀಳಲೇಬೇಕು.

ಇದು ಬರೀ ಕಸರತ್ತು ಎಂಬ ಆಕ್ಷೇಪ ಹಳೆಯದು, ತಳ್ಳಿಹಾಕುವಂಥದ್ದೂ ಅಲ್ಲ. ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ಚಮತ್ಕಾರವೇ ಮುಖ್ಯವಾದ ಚಿತ್ರಕಾವ್ಯವನ್ನು ಕೊನೆಯ ದರ್ಜೆಗೆ ಇಳಿಸಿದ. ಅಕ್ಷರಗಳನ್ನು ಆಕೃತಿಯಾಗಿ ಹೊಂದಿಸುವ ಚಕ್ರಬಂಧ, ಗೋಮೂತ್ರಿಕೆಗಳಲ್ಲಿ ಹೆಚ್ಚಿನವು ಒಮ್ಮೆ ಬೆರಗು ಹುಟ್ಟಿಸಿ ಮುಗಿಯುತ್ತವೆ ಎಂಬುದೂ ನಿಜ. ಆದರೆ ಸಂಸ್ಕೃತ ಕವಿ ದಂಡಿಯ ‘ದಶಕುಮಾರಚರಿತ’ದ ಏಳನೆಯ ಉಚ್ಛ್ವಾಸ ನೋಡಿ. ಅಲ್ಲಿ ಮಂತ್ರಗುಪ್ತ ಪ, ಬ, ಮ ಮುಂತಾದ ಓಷ್ಠ್ಯಾಕ್ಷರಗಳೇ ಇಲ್ಲದೆ ತನ್ನ ಕಥೆ ಹೇಳುತ್ತಾನೆ, ಏಕೆಂದರೆ ಪ್ರಿಯೆಯ ಹಲ್ಲು ತಾಗಿ ಅವನ ತುಟಿ ನೋಯುತ್ತಿದೆ. ಕವಿಯ ಕಟ್ಟುಪಾಡು ಪಾತ್ರದ ಗಾಯವೇ ಆಗಿಬಿಟ್ಟಿದೆ (ದಂಡಿಯ ತುಂಟತನಕ್ಕೆ ಮಮ್ಮಟನಾದರೂ ನಕ್ಕಿರಬೇಕು). ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ ರೋಮನ್ ಲಿಪಿಯ ಐದನೆಯ ಅಕ್ಷರವನ್ನು, ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರವನ್ನೇ, ಕೈಬಿಟ್ಟು 1969ರಲ್ಲಿ ಇಡೀ ಕಾದಂಬರಿಯೊಂದನ್ನು ಪ್ರಕಟಿಸಿದರು. ಆ ಅಕ್ಷರವಿಲ್ಲದೆ ಫ್ರೆಂಚಿನಲ್ಲಿ ತಂದೆ ಎಂದಾಗಲಿ ತಾಯಿ ಎಂದಾಗಲಿ ಬರೆಯಲಾಗದು. ಪೆರೆಕ್ ಅವರ ತಂದೆ 1940ರಲ್ಲಿ ಯುದ್ಧದಲ್ಲಿ ಮಡಿದಿದ್ದರು. ತಾಯಿಯನ್ನು 1943ರಲ್ಲಿ ನಾತ್ಸಿಗಳು ಆಶ್ವಿಟ್ಜ್‌ಗೆ ಸಾಗಿಸಿದ್ದರು. ಇದನ್ನು ಕಸರತ್ತೆನ್ನಲು ನಾಲಿಗೆ ಏಳುವುದಿಲ್ಲ.

ಕಲಿಯುವವರು ಮೊದಲು ತಮ್ಮ ದನಿ ಕಂಡುಕೊಳ್ಳಲಿ, ಕಟ್ಟುಪಾಡೆಲ್ಲ ಆಮೇಲೆ ಎನ್ನುವವರೂ ಇದ್ದಾರೆ. ಸ್ವಂತ ದನಿಯೆಂದು ನಾವು ಮುದ್ದು ಮಾಡುವುದು ಎಷ್ಟೋ ಸಲ ಮೆಚ್ಚಿನ ಲೇಖಕರಿಂದ ಅಂಟಿಕೊಂಡ ರೂಢಿ. ‘ಸ್ವರೂಪ’ದಂಥ ನವ್ಯ ಕೃತಿ ಬರೆದಿದ್ದ ಪೂರ್ಣಚಂದ್ರ ತೇಜಸ್ವಿ 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿ ಬಿಡುವುದಾಗಿ ಸಾರಿದರು. ಇಂದು ನಾವು ತೇಜಸ್ವಿಯದೆಂದು ಥಟ್ಟನೆ ಗುರುತಿಸುವ ಗದ್ಯ ಆ ಒಗ್ಗಿದ ದಾರಿ ಬಿಟ್ಟ ಮೇಲಿನದು. ಹಾಗೆಂದು ನಿಷೇಧ ಪಾಲಿಸಿದ್ದೆಲ್ಲ ಕಥೆಯಾಗಿಬಿಡುವುದಿಲ್ಲ. ನಿಯಮ ಕಾಣಿಸಿ ಮನುಷ್ಯರು ಕಾಣಿಸದಿದ್ದರೆ ಅದನ್ನು ನೋಟ್‌ಬುಕ್ಕಿನಲ್ಲೇ ಬಿಡಿ. ದೀಪಾವಳಿ ಕಥಾಸ್ಪರ್ಧೆಗೆ ಮಾತ್ರ ಕಳಿಸಬೇಡಿ.