ಮಿನಿಯಾಪೊಲಿಸಿನ ಕಂಚಿನ ತರುಣಿ

ಮಿಸಿಸಿಪ್ಪಿ ನದೀತೀರದ ಮಿನಿಯಾಪೊಲಿಸ್ ನಗರದ ನಿಕೊಲೆಟ್ ಬೀದಿಯಲ್ಲಿ ಕಂಚಿನ ತರುಣಿಯೊಬ್ಬಳು, ಹಿಮ ಸುರಿಯುವಾಗಲೂ, ಟೋಪಿಯನ್ನು ಆಕಾಶಕ್ಕೆಸೆಯುವ ಭಂಗಿಯಲ್ಲಿ ನಿಂತಿದ್ದಾಳೆ. 1970ರಿಂದ 1977ರವರೆಗೆ ಅಮೆರಿಕದ ಮನೆಮನೆಗಳನ್ನು ನಗಿಸಿದ ‘ದಿ ಮೇರಿ ಟೈಲರ್ ಮೂರ್ ಷೋ’ ಎಂಬ ಟೆಲಿವಿಷನ್ ಮಾಲಿಕೆಯ ನಾಯಕಿ ಈಕೆ. ಆ ಕಥೆ ನಡೆಯುವುದೂ ಈ ಊರಿನಲ್ಲಿಯೇ.

ಪ್ರತಿಮೆ ಸ್ಥಾಪನೆಯಾದುದು 2002ರಲ್ಲಿ. ಮಾಲಿಕೆಯ ಮೊದಲ ಸಂಪುಟ ಡಿವಿಡಿಯಾಗಿ ಅಂಗಡಿಗೆ ಬಂದದ್ದೂ ಅದೇ ವರ್ಷ. ಆದರೆ ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. ಮೊದಲನೆಯದೇ ಬಿಕರಿಯಾಗದಿದ್ದರೆ ಎರಡನೆಯದಕ್ಕೆ ಬಂಡವಾಳ ಹೂಡಲು ಯಾವ ವರ್ತಕ ಮುಂದಾದಾನು? ಎರಡನೆಯ ಸಂಪುಟ 2005ರವರೆಗೆ ಕಾಯಬೇಕಾಯಿತು. ಏಳನೆಯದೂ ಕಡೆಯದೂ ಆದ ಸಂಪುಟ ಹೊರಬಂದದ್ದು 2010ರಲ್ಲಿ.

ಏಳು ವರ್ಷ ನಡೆದ ಆಟ ಮನೆಯ ಕಪಾಟನ್ನು ಪೂರ್ತಿಯಾಗಿ ಸೇರಲು ಎಂಟು ವರ್ಷ ಹಿಡಿಯಿತು! ಜನರ ಪ್ರೀತಿ ಬೀದಿಯಲ್ಲಿ ಪ್ರತಿಮೆಯನ್ನು ನಿಲ್ಲಿಸಬಲ್ಲದು. ಅಂಗಡಿಯ ಬಾಗಿಲು ತೆರೆಯುವುದು ಮಾತ್ರ ಲೆಕ್ಕದ ಪುಸ್ತಕವೇ.