ತೊಟ್ಟಿಯೊಳಗೆ ಯಾರ ಕೈ?



ಇವತ್ತಿನ ಪೋಸ್ಟ್ ಸ್ವಲ್ಪ ಉದ್ದ. ವಿಷಯ ಸಮುದ್ರದ ಹುಳ. "ಏನಣ್ಣ, ಹೋರಾಟ ಬಿಟ್ಟು ಮೀನು ಸಾಕ್ತಿದ್ದೀರಾ" ಅಂತ ಕಾಮೆಂಟ್ ಹಾಕೋಕೆ ಮುಂಚೆ ಕೊನೇವರೆಗೂ ಓದಿ.

ನಾನು ಬೆಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತ ಅನ್ನೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ರಿಸೆಪ್ಷನ್‌ನಲ್ಲಿ 400 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ನೀಲಿ ಲೈಟು, ಅಲೆ ಎಬ್ಬಿಸೋ ಪಂಪು, ಕಲ್ಲುಗಳ ಮೇಲೆ ಗುಂಡಿ ಹೊಲಿದಂಗೆ ಬಣ್ಣಬಣ್ಣದ ಮೃದು ಹವಳ, ಕಿತ್ತಳೆ ಬಣ್ಣದ ನೀಮೋ ಮೀನು. ಸಾಹೇಬರಿಗೆ ಅದು ಪ್ರಾಣ. ದಿನಾ ಅದರ ಗಾಜು ಒರೆಸಿ, ಆವಿಯಾದಷ್ಟು ಆರ್‌ಒ ನೀರು ತುಂಬೋನು ನಮ್ಮ ಹೌಸ್‌ಕೀಪಿಂಗ್ ಹುಡುಗ. ಹೆಸರು ಬರೆಯಲ್ಲ. ಅವನ ಕೆಲಸ ಹೋಗಬಾರದು. ನಮ್ಮ ಕೇರಿಯ ಹುಡುಗ ಅಂದ್ರೆ ಸಾಕು.

ಹೋದ ವರ್ಷ ಆರು ಮೀನು ಇದ್ದಿದ್ದು ನಾಲ್ಕಾಯ್ತು. ಬಸವನಹುಳುಗಳ ಖಾಲಿ ಚಿಪ್ಪು ಮಾತ್ರ ಉಳೀತಿದ್ವು. ಒಂದು ಬೆಳಿಗ್ಗೆ ಮರಳಿನ ಮೇಲೆ ಅರ್ಧ ಮೀನು ಬಿದ್ದಿತ್ತು. ಸಾಹೇಬರು ಹುಡುಗನ್ನ ಕರೆದು, "ಆ ಕಲ್ಲೆತ್ತಿ ನೋಡೋ, ಕೆಳಗೆ ಏನೋ ಸೇರ್ಕೊಂಡಿದೆ" ಅಂದ್ರು. ಅವನು ತೋಳು ಮಡಚಿ ಬರಿಗೈ ಹಾಕಿದ. ಮರುಕ್ಷಣ ಚೀರಿದ.

ಬೆರಳ ತುಂಬಾ ಸಣ್ಣ ಬಿಳಿ ಮುಳ್ಳು. ಕಂಬಳಿಹುಳು ಮುಟ್ಟಿದ್ರೆ ಆಗುತ್ತಲ್ಲ, ಅದರ ಹತ್ತರಷ್ಟು ಉರಿ ಅಂತೆ. ನನ್ನ ಟೇಬಲ್ ಮೇಲಿದ್ದ ಸೆಲ್ಲೋಟೇಪ್ ಅಂಟಿಸಿ ಅಂಟಿಸಿ ಕಿತ್ತೆ, ಆಮೇಲೆ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ.

ಮಾರನೇ ದಿನ ಸಾಹೇಬರು, "ಈಗ ಹೇಗಿದ್ದಾನೆ? ಸಾಯಂಕಾಲ ಇನ್ನೊಂದ್ಸಲ ನೋಡ್ಲಿ" ಅಂದ್ರು.

"ಒಳಗೆ ಏನಿದೆ ಅಂತ ನಿಮಗೆ ಗೊತ್ತಾ ಸರ್?" ಅಂತ ಕೇಳಿದೆ.

"ಗೊತ್ತಿಲ್ಲ ಕಣ್ರೀ. ಅದಕ್ಕೇ ತಾನೇ ಅವನಿಗೆ ನೋಡೋಕೆ ಹೇಳ್ತಿರೋದು."

ಗೆಳೆಯರೇ, ಈ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ಮ್ಯಾನ್‌ಹೋಲ್ ಬಾಯಲ್ಲಿ ನಿಂತವರು ಇದನ್ನೇ ಹೇಳ್ತಾರೆ. ಒಳಗೇನಿದೆ ಗೊತ್ತಿಲ್ಲ, ನೀನು ಇಳಿ. 2013ರ ಕಾಯ್ದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣಾ ಸಾಮಗ್ರಿ ಇಲ್ಲದೆ ಮನುಷ್ಯನ್ನ ಇಳಿಸಬಾರದು ಅನ್ನುತ್ತೆ. ಚೆಂದದ ಗಾಜಿನ ತೊಟ್ಟಿಗೆ ಯಾವ ಕಾಯ್ದೆ ತೋರಿಸಲಿ? "ಒಂದು ವಾರ ಟೈಮ್ ಕೊಡಿ ಸರ್, ನಾನು ತಿಳ್ಕೊಂಡು ಹೇಳ್ತೀನಿ, ಅಲ್ಲೀವರೆಗೂ ಯಾರೂ ಕೈ ಹಾಕೋದು ಬೇಡ" ಅಂದೆ.

ರಾತ್ರಿ ಕೂತು ಓದಿದೆ. ಇವೆಲ್ಲ ನಮ್ಮ ಎರೆಹುಳದ ದೂರದ ಸಂಬಂಧಿಗಳು. ಅಂಗಡಿಯಿಂದ ತರೋ ಕಲ್ಲಿನ ತೂತಲ್ಲಿ ದಾರದಷ್ಟು ಸಣ್ಣದಾಗಿ ಅಡಗಿ ಬಂದು, ತೊಟ್ಟಿಯಲ್ಲೇ ಬೆಳೆಯುತ್ವೆ. ಹುಡುಗನಿಗೆ ಚುಚ್ಚಿದ್ದು ಬ್ರಿಸಲ್ ವರ್ಮ್. ಪಕ್ಕದಲ್ಲಿ ಸಾಲಾಗಿ ಬಿಳಿ ಮುಳ್ಳಿನ ಕುಚ್ಚು ಇರುತ್ತೆ. ಅದರಲ್ಲಿ ಹೆಚ್ಚಿನವು ಉಳಿದ ಆಹಾರ, ಸತ್ತ ಮೀನು ತಿಂದು ತೊಟ್ಟಿ ಚೊಕ್ಕಟ ಇಡ್ತವೆ. ಹವಳ ತಿನ್ನೋ ಫೈರ್‌ವರ್ಮ್ ಥರದವು ಕಡಿಮೆ. ಮೀನು ಹಿಡಿಯೋದು ಯೂನಿಸ್ ಅನ್ನೋ ಕುಲದ ದೊಡ್ಡ ಹುಳ. ತಲೆ ಮೇಲೆ ಐದು ಮೀಸೆ, ಮೈಮೇಲೆ ಕಾಮನಬಿಲ್ಲಿನ ಹೊಳಪು, ಬಾಯಲ್ಲಿ ಕತ್ತರಿಯಂಥ ದವಡೆ. ಅದರಲ್ಲಿ ಬಾಬಿಟ್ ವರ್ಮ್ ಅನ್ನೋದು ಸಮುದ್ರದಲ್ಲಿ ಸುಮಾರು 3 ಮೀಟರ್‌ವರೆಗೂ ಬೆಳೆಯುತ್ತೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇಯ ಅಕ್ವೇರಿಯಂನಲ್ಲಿ ಇಂಥದ್ದೇ ಒಂದು ಹುಳ, ಮೀಟರಿಗಿಂತ ಉದ್ದದ್ದು, ಹವಳ ಕತ್ತರಿಸಿ ಹಾಕ್ತಿತ್ತು, ಮೀನಿಗೂ ಗಾಯ ಮಾಡಿತ್ತು. ಗಾಳಕ್ಕೂ ಸಿಗಲಿಲ್ಲ. ಕೊನೆಗೆ ಇಡೀ ತೊಟ್ಟಿನ ಕಲ್ಲು ಕಲ್ಲಾಗಿ ಬಿಚ್ಚಿ ಹಿಡಿದ್ರು.

ಇಷ್ಟು ಹೇಳಿದ್ದಕ್ಕೆ ಸಾಹೇಬರು ಖುಷಿಯಾಗಿ, "ನೋಡಿ, ಕ್ಲೀನ್ ಮಾಡೋ ಹುಳ ಪಾಪ, ಎಲ್ಲರೂ ಅದನ್ನೇ ಬೈತಾರೆ, ನಿಮ್ಮ ಜನದ ಥರಾನೇ" ಅಂದ್ರು. ಒಳ್ಳೇ ಮನಸ್ಸಿಂದಲೇ ಅಂದಿದ್ದು. ಆದ್ರೂ ನಾನು ಸುಮ್ಮನಿರಲಿಲ್ಲ. "ಸರ್, ಆ ಹುಳ ಹುಟ್ಟಿಂದಾನೇ ಕಸ ತಿನ್ನುತ್ತೆ. ನಮ್ಮ ಹುಡುಗ ಬಿ.ಕಾಂ ಮಧ್ಯದಲ್ಲಿ ಫೀಸ್ ಕಟ್ಟೋಕಾಗದೆ ಇಲ್ಲಿಗೆ ಬಂದಿದ್ದಾನೆ" ಅಂದೆ. ಇದನ್ನ ಓದ್ತಿರೋ ಕವಿಮಿತ್ರರಿಗೂ ಹೇಳ್ತೀನಿ, ಈ ಉಪಮೆ ಬೇಡ.

ಆ ವಾರ ಎರಡು ರಾತ್ರಿ ನಾನು, ಹುಡುಗ ಲೈಟ್ ಆರಿಸಿ ಕಾದ್ವಿ. ಟಾರ್ಚಿಗೆ ಕೆಂಪು ಜೆಲಟಿನ್ ಪೇಪರ್ ಕಟ್ಟಿದ್ವಿ, ಯಾಕಂದ್ರೆ ಬಿಳಿ ಬೆಳಕು ಬಿದ್ರೆ ಅವು ಒಳಗೆ ಸರಿದುಬಿಡ್ತವೆ. ಸೀಗಡಿ ತುಂಡನ್ನ ಉದ್ದ ಕಡ್ಡಿಗೆ ಚುಚ್ಚಿ ಇಳಿಸಿದ್ವಿ. ಎರಡನೇ ರಾತ್ರಿ ಹನ್ನೊಂದರ ಮೇಲೆ ಎಡಗಡೆ ಕಲ್ಲಿಂದ ಮೆಲ್ಲಗೆ ಒಂದು ತಲೆ ಬಂತು. ಹುಡುಗ ಪಿಸುಗುಟ್ಟಿ ಎಣಿಸಿದ, "ಒಂದು, ಎರಡು... ಐದು ಮೀಸೆ ಅಣ್ಣ!" ಸೀಗಡಿ ಕಿತ್ಕೊಂಡು ಒಳಗೆ ಹೋದ ವೇಗ ನೋಡಿ ಇಬ್ಬರೂ ಬೆವೆತ್ವಿ. ಆ ಕಲ್ಲಿನ ಪಕ್ಕದ ಕಲ್ಲಿನ ಕೆಳಗೇ ಅವನು ಕೈ ಹಾಕಿದ್ದು.

ಕಲ್ಲು ಯಾವುದು ಅಂತ ಗೊತ್ತಾದ ಮೇಲೆ ಸಾಹೇಬರ ಸಲಹೆ: "ಪ್ಯಾಂಟ್ರಿಯಲ್ಲಿ ದೊಡ್ಡ ಪಾತ್ರೆಗೆ ಹಾಕಿ ಕುದಿಸಿಬಿಡು." ಅಷ್ಟರಲ್ಲಿ ಅದನ್ನೂ ಓದಿದ್ದೆ, ಬಚಾವ್. ಆ ಗುಂಡಿಯಂಥ ಹವಳಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿ ಪಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರುತ್ತೆ. ಅಂಥ ಕಲ್ಲನ್ನ ಕುದಿಸಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಕಿಟಕಿಯಿಲ್ಲದ ಪ್ಯಾಂಟ್ರಿಯಲ್ಲಿ ಒಲೆ ಮುಂದೆ ಯಾರು ನಿಂತಿರ್ತಿದ್ರು, ಯೋಚನೆ ಮಾಡಿ.

ಭಾನುವಾರ ಕೆಲಸ ಮುಗಿಸಿದ್ವಿ. ಮೊಣಕೈವರೆಗಿನ ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಉದ್ದನೆ ಚಿಮಟ. ಸಾಹೇಬರಿಗೂ ಒಂದು ಜೊತೆ ಗ್ಲೌಸ್ ತರಿಸಿದ್ದೆ. "ಕಲ್ಲು ಭಾರ ಇದೆ ಸರ್, ಒಂದು ಕೈ ಹಾಕಿ" ಅಂದೆ. ಹಾಕಿದ್ರು. ಕಲ್ಲನ್ನ ಬಕೆಟ್‌ಗೆ ಇಳಿಸಿ, ಸಿರಿಂಜಲ್ಲಿ ಸೋಡಾ ನೀರನ್ನ ತೂತೊಳಗೆ ಬಿಟ್ವಿ. ಎಳೆದ್ರೆ ಹುಳ ತುಂಡಾಗುತ್ತೆ, ಒಳಗುಳಿದಿದ್ದು ಮತ್ತೆ ಬೆಳೀಬಹುದು. ಅದಕ್ಕೇ ಎಳೀಲಿಲ್ಲ, ತಾನಾಗೇ ಬರಲಿ ಅಂತ ಕಾದ್ವಿ. ಇಪ್ಪತ್ತು ನಿಮಿಷಕ್ಕೆ ಪೂರ್ತಿ ಹೊರಗೆ ಬಂತು. ಹುಡುಗ ಸ್ಕೇಲ್ ಹಿಡಿದ, 43 ಸೆಂಟಿಮೀಟರ್. ಬ್ರಿಸಲ್ ಹುಳಗಳನ್ನ ಮುಟ್ಟಲಿಲ್ಲ, ಮೀನಿಗೆ ಹಾಕೋ ಆಹಾರ ಕಡಿಮೆ ಮಾಡಿದ್ವಿ. ಉಳಿಕೆ ಕಮ್ಮಿಯಾದ್ರೆ ಅವೂ ಕಮ್ಮಿಯಾಗ್ತವೆ.

ಸೋಮವಾರ ಗುಮಾಸ್ತನ ಕೆಲಸ ಮಾಡಿದೆ, ಸುತ್ತೋಲೆ ಟೈಪ್ ಮಾಡಿದೆ. "ಒಳಗೆ ಏನಿದೆ ಎಂದು ತಿಳಿಯದೆ, ಗ್ಲೌಸ್ ಇಲ್ಲದೆ ತೊಟ್ಟಿಗೆ ಯಾರೂ ಕೈ ಹಾಕತಕ್ಕದ್ದಲ್ಲ, ಯಾರಿಂದಲೂ ಹಾಕಿಸತಕ್ಕದ್ದಲ್ಲ." ಸಾಹೇಬರು ಒಂದೇ ನಿಮಿಷದಲ್ಲಿ ಸಹಿ ಹಾಕಿದ್ರು. ಈಗ ಅದು ತೊಟ್ಟಿಯ ಪಕ್ಕ ಗೋಡೆ ಮೇಲಿದೆ.

ಹುಡುಗ ಅದನ್ನ ಎರಡು ಸಲ ಓದಿ ಕೇಳಿದ, "ಅಣ್ಣ, ಟಾಯ್ಲೆಟ್ ಬ್ಲಾಕ್ ಆದಾಗ್ಲೂ ಬರಿಗೈಯಲ್ಲೇ ಆಸಿಡ್ ಹಾಕಿ ತೆಗೀತೀನಲ್ಲ, ಅದಕ್ಕೆ?"

ನಾಚಿಕೆ ಆಯ್ತು ಗೆಳೆಯರೇ. ಹನ್ನೊಂದು ವರ್ಷದಿಂದ ಅದೇ ಆಫೀಸಲ್ಲಿದ್ದೀನಿ, ಊರೂರಲ್ಲಿ ಭಾಷಣ ಮಾಡ್ತೀನಿ. ನನ್ನ ಟೇಬಲ್ಲಿಂದ ಹದಿನೈದು ಹೆಜ್ಜೆ ದೂರದ ಆ ಬಾಗಿಲು ನನಗೆ ಕಂಡಿರಲಿಲ್ಲ. ಒಂದು ಮೀನು ಸಾಯಬೇಕಾಯ್ತು.

ಅವತ್ತೇ ಎರಡನೇ ಸುತ್ತೋಲೆ ಟೈಪ್ ಮಾಡಿದೆ. ಒಕ್ಕಣೆ ಅದೇ, "ತೊಟ್ಟಿ" ಅನ್ನೋ ಜಾಗದಲ್ಲಿ "ಶೌಚಾಲಯ" ಅಂತ ಹಾಕಿದ್ದೀನಿ ಅಷ್ಟೇ. ಅದು ಗುತ್ತಿಗೆದಾರರ ವಿಷಯ, ನೋಡೋಣ ಅಂದ್ರು. ನಾಲ್ಕು ತಿಂಗಳಾಯ್ತು, ಸಹಿ ಬಿದ್ದಿಲ್ಲ. ಪ್ರತಿ ಸೋಮವಾರ ಫೈಲಿನ ಮೇಲ್ಗಡೆ ಇಡ್ತಿದ್ದೀನಿ. ನಾಳೆನೂ ಇಡ್ತೀನಿ.

ನಿಮ್ಮ ನಿಮ್ಮ ಆಫೀಸಲ್ಲಿ ಆ ಬಾಗಿಲು ಎಷ್ಟು ಹೆಜ್ಜೆ ದೂರ ಇದೆ, ನಾಳೆ ಒಂದ್ಸಲ ಹೋಗಿ ನೋಡಿ. ಅಲ್ಲಿ ಗ್ಲೌಸ್ ಇದ್ಯಾ ಕೇಳಿ. ಕಾಮೆಂಟಲ್ಲಿ ಬರೀರಿ.

ಜೈ ಭೀಮ್.